ಗುಡ್ಡಮ್ಮನ ಬೀಜದ ಗಂಟು

1996ರ ಏಪ್ರಿಲ್ 26, ಶುಕ್ರವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಶಿಕಾರಿಪುರದಲ್ಲಿದ್ದ ನಮ್ಮ ವಿಶ್ವವಿದ್ಯಾಲಯ ಕೇಂದ್ರದ ಗ್ರಂಥಾಲಯಕ್ಕೆ ಹೊರಗಿನಿಂದ ಬಂದ ವಸ್ತುಗಳ ರಿಜಿಸ್ಟರಿನಲ್ಲಿ ನಾನೇ ಬರೆದ ಸಮಯ ಇದು. ವಸ್ತು: ಭತ್ತದ ಬೀಜ, ನೆರೆಗುಳಿ ತಳಿ. ಪ್ರಮಾಣ: ಒಂದು ಗಂಟು, ಹದಿನಾರು ಸೇರು. ತಂದವರು: ಗುಡ್ಡಮ್ಮ, ಉಳವಿ ಕಡೆಯವರು, ಸೊರಬ ತಾಲ್ಲೂಕು.

ಗ್ರಂಥಾಲಯದಲ್ಲಿ ಭತ್ತಕ್ಕೇನು ಕೆಲಸ ಎಂದು ಯಾರಾದರೂ ಕೇಳಬಹುದು. ಹಿಂದಿನ ವರ್ಷದಿಂದ ನಾವು ಓದುವ ಕೋಣೆಯ ಪಕ್ಕದ ಹಜಾರವನ್ನು ಮೂರು ತಿಂಗಳಿಗೊಮ್ಮೆ ಊರವರ ಪ್ರದರ್ಶನಕ್ಕೆ ಬಿಟ್ಟುಕೊಡುತ್ತಿದ್ದೆವು. ವಸ್ತು ಅವರದು, ಮೇಜು ನಮ್ಮದು. ಮೊದಲ ಸಲ ಮನೆಮನೆಯ ಹಳೆಯ ಫೋಟೋಗಳು ಬಂದವು. ಎರಡನೆಯ ಸಲ ಸೇರು, ಪಾವು, ಕೊಳಗದಂಥ ಅಳತೆಯ ಸಾಮಾನು. ನೋಡಲು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದುವರೆಗೆ ಆ ಕಟ್ಟಡದೊಳಗೆ ಕಾಲಿಟ್ಟವರಲ್ಲ. ಯಾರೂ ಹೇಳದಿದ್ದರೂ ಚಪ್ಪಲಿಯನ್ನು ಹೊರಗೆ ಬಿಟ್ಟು ಬರುತ್ತಿದ್ದರು. ಆಮೇಲೆ ಕೆಲವರು ಪತ್ರಿಕೆ ಓದಲೂ ಬರತೊಡಗಿದರು. ಮೂರನೆಯದು ಬೀಜದ ಪ್ರದರ್ಶನ. ಸಹಾಯಕ ಗ್ರಂಥಪಾಲಕನಾಗುವ ಮೊದಲು ನಾನು ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ್ದರಿಂದ ಅದರ ಹೊಣೆ ನನ್ನ ಮೇಲೆ ಬಿತ್ತು.

ಬೀಜ ಕೇಳಲು ಆನವಟ್ಟಿ, ಸೊರಬ, ಉಳವಿಯ ಸುತ್ತಮುತ್ತ ಬಸ್ಸಿನಲ್ಲಿ ಅಲೆದಿದ್ದೆ. ಎಲ್ಲರೂ ಒಂದೊಂದು ಹಿಡಿ ಕೊಟ್ಟರು. ಗುಡ್ಡಮ್ಮ ಮಾತ್ರ ಕೊಡಲಿಲ್ಲ.

"ಒಂದು ಹಿಡಿ ಸಾಕಮ್ಮ" ಎಂದೆ.

"ಹಿಡಿ ಕೊಡಾಕೆ ಗಂಟು ಬಿಚ್ಚಬೇಕಲ್ಲ ಮೇಷ್ಟ್ರೇ. ಸುಗ್ಗೀಲಿ ಕಟ್ಟಿದ ಗಂಟು ಬಿತ್ತೋ ದಿನಾನೇ ಬಿಚ್ಚೋದು. ನಮ್ಮತ್ತೆ ಕಾಲದಿಂದ ಹಂಗೇ." ಪುಸ್ತಕದ ಜೊತೆ ಕೆಲಸ ಮಾಡುವವರೆಲ್ಲ ಅವರ ಲೆಕ್ಕದಲ್ಲಿ ಮೇಷ್ಟ್ರು.

ಜಗಲಿಯ ಮೇಲೆ ಕುಳಿತಿದ್ದ ಮಗ ಸುರೇಂದ್ರ ನಕ್ಕ. "ಗಂಟನ್ನೇ ಹೊತ್ಕೊಂಡು ಹೋಗ್ರಿ ಸಾರ್. ಈ ಮನೇಲಿ ನನಗಿಂತ ಅದಕ್ಕೇ ಉಪಚಾರ ಜಾಸ್ತಿ."

"ನಿನ್ನನ್ನೂ ಕಳಿಸ್ತೀನಿ ತಡಿ. ಮೇಜಿನ ಮೇಲೆ ಕೂರಿಸಿದ್ರೆ ನೋಡಾಕೆ ಜನ ಬರ್ತಾರೆ" ಎಂದರು ಗುಡ್ಡಮ್ಮ.

ಆ ಗಂಟಿಗೆ ಉಪಚಾರ ಏಕೆಂದು ಅಂದೇ ತಿಳಿಯಿತು. ಅವರ ಗದ್ದೆಯಲ್ಲಿ ಅರ್ಧ ಎಕರೆ ಹಳ್ಳದ ಬದಿಯ ತಗ್ಗು ಜಾಗ. ಆಷಾಢದಲ್ಲಿ ನೀರು ಏರಿದರೆ ಪೈರು ಕಾಣದ ಹಾಗೆ ಮುಳುಗುತ್ತದೆ. ಎರಡು ವರ್ಷದ ಹಿಂದೆ ಸುರೇಂದ್ರ ಹಟಹಿಡಿದು ಅದರ ಅರ್ಧಕ್ಕೆ ಹೊಸ ತಳಿಯ ಬೀಜ ಹಾಕಿದ್ದ. ನೀರು ಇಪ್ಪತ್ತೆರಡು ದಿನ ನಿಂತಿತು, ಹೊಸ ತಳಿ ಕೊಳೆಯಿತು. ನೆರೆಗುಳಿ ಮಾತ್ರ ನೀರಿನ ಜೊತೆಗೇ ಬೆಳೆದು ತೆನೆ ಕೊಟ್ಟಿತ್ತು. ಅದನ್ನು ಬೆಳೆಯುತ್ತಿದ್ದ ಅಕ್ಕಪಕ್ಕದ ಎರಡು ಮನೆಯವರು ತಗ್ಗು ಗದ್ದೆಯನ್ನು ಬೀಳು ಬಿಟ್ಟಿದ್ದರು. ಹಾಗಾಗಿ ಆ ಊರಿನಲ್ಲಿ ನೆರೆಗುಳಿ ಎಂದರೆ ಆ ಹದಿನಾರು ಸೇರು, ಅಷ್ಟೇ.

"ಬಿಚ್ಚಬೇಡಿ, ಗಂಟನ್ನೇ ಕೊಡಿ. ಹೇಗೆ ಕೊಡ್ತೀರೋ ಹಾಗೇ ಮೇ ಒಂಬತ್ತಕ್ಕೆ ನಿಮ್ಮ ಕೈಗೆ" ಎಂದು ನಾನು ಮಾತು ಕೊಟ್ಟ ಮೇಲೆ ಗುಡ್ಡಮ್ಮ ಒಪ್ಪಿದರು. ಶುಕ್ರವಾರ ಮನೆಯಿಂದ ಬೀಜ ಹೊರಗೆ ಕೊಡಬಾರದೆಂದು ಅವರೇ ಹೇಳಿದವರು. ಆದರೂ ಶುಕ್ರವಾರವೇ ಗಂಟನ್ನು ಸೊಂಟದ ಮೇಲೆ ಇಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಬಂದರು. ನಾನು ಕೇಳಿದ್ದಕ್ಕೆ, "ಎಲ್ಲಿ ಕೊಟ್ಟೀನಿ? ನೆಂಟರ ಮನೇಲಿ ಇರಿಸಿ ಹೋಗ್ತಿದೀನಿ" ಎಂದರು.

ಮರುದಿನ ಸಂಜೆ ಜೋಡಿಸುತ್ತಿದ್ದಾಗ ಆನವಟ್ಟಿಯಿಂದ ಬಂದ ಭತ್ತದ ತಟ್ಟೆಯಿಂದ ಒಂದು ಸಣ್ಣ ಬೂದು ಪತಂಗ ಎದ್ದು ಹಾರಿ ಪುಸ್ತಕದ ರ್ಯಾಕಿನ ಕಡೆ ಹೋಯಿತು. ನಮ್ಮಲ್ಲಿ ಒಂದು ನಿಯಮ ಇತ್ತು. ಫೋಟೋ ಪ್ರದರ್ಶನದ ಆಲ್ಬಮ್ಮುಗಳ ಜೊತೆ ಹುಳು ಬಂದು ನಲವತ್ತು ಪುಸ್ತಕಗಳ ಬೆನ್ನು ತಿಂದ ಮೇಲೆ, ನಮ್ಮ ಗ್ರಂಥಪಾಲಕರಾದ ಶಿವಮೂರ್ತಪ್ಪನವರು ಮಾಡಿದ ನಿಯಮ: ಹುಳುವಿನ ಗುರುತು ಕಂಡರೆ ಆ ಮೇಜಿನ ವಸ್ತುವೆಲ್ಲ ಮೊದಲು ಬೀರುವಿನೊಳಗೆ. ಅದೊಂದು ಬಿಗಿ ಬಾಗಿಲಿನ ಮರದ ಬೀರು. ತಳದಲ್ಲಿ ನಲವತ್ತು ವ್ಯಾಟಿನ ಬಲ್ಬು, ಅದರ ಮೇಲೆ ಗಾಜಿನ ಬಟ್ಟಲಿನಲ್ಲಿ, ಓಂಕಾಳಿನ ಎಣ್ಣೆಯಿಂದ ತೆಗೆಯುವ ಥೈಮಾಲ್ ಹರಳು. ಬಿಸಿಗೆ ಹರಳು ಆವಿಯಾಗಿ ಕಾಗದಕ್ಕೆ ಹಿಡಿದ ಬೂಷ್ಟನ್ನು ಕೊಲ್ಲುತ್ತದೆ, ಹುಳುವೂ ನಿಲ್ಲುವುದಿಲ್ಲ. ನಮ್ಮ ಅಟೆಂಡರ್ ಕೊಟ್ರೇಶ್ ಅದನ್ನು ಧೂಪದ ಬೀರು ಎನ್ನುತ್ತಿದ್ದ.

ನಾನು ತಟ್ಟೆಗಳನ್ನೂ ಗಂಟನ್ನೂ ಅದರೊಳಗೆ ಇಟ್ಟೆ. ಶನಿವಾರ ಸಂಜೆ ಆರರಿಂದ ಮಂಗಳವಾರ ಬೆಳಿಗ್ಗೆ ಹತ್ತರವರೆಗೆ, ಅರವತ್ತನಾಲ್ಕು ಗಂಟೆ. ರಿಜಿಸ್ಟರಿನಲ್ಲಿ ಅದನ್ನೂ ಬರೆದೆ. ಸಸ್ಯಶಾಸ್ತ್ರ ಓದಿದವನಿಗೆ ಬೀಜ ಉಸಿರಾಡುತ್ತದೆ ಎಂಬುದು ಮೊದಲ ವರ್ಷದ ಪಾಠ. ಪ್ರದರ್ಶನದ ಚೀಟಿ ಅಂಟಿಸಿದ ಮೇಲೆ ಅದು ನನ್ನ ತಲೆಯಲ್ಲಿ ಆಲ್ಬಮ್ಮಿನಂಥ ಒಂದು ವಸ್ತುವಾಗಿಬಿಟ್ಟಿತ್ತು.

ಮೇ 2ರಿಂದ 8ರವರೆಗೆ ಪ್ರದರ್ಶನ ನಡೆಯಿತು. ಜನ ಚೆನ್ನಾಗಿ ಬಂದರು. ಗುಡ್ಡಮ್ಮನ ಗಂಟಿನ ಮುಂದೆ ನಿಂತು ತಮ್ಮೂರಿನಲ್ಲಿ ಹಿಂದೆ ಇದ್ದ ತಳಿಗಳ ಹೆಸರು ಹೇಳಿದವರ ಮಾತನ್ನೆಲ್ಲ ಬರೆದುಕೊಂಡೆ. ಎರಡನೆಯ ದಿನ ಒಬ್ಬರು ಒಂದು ಪ್ರಶ್ನೆ ಕೇಳಿದ್ದಕ್ಕೆ ಉತ್ತರ ಹುಡುಕಲು ಬೀಜ ಸಂರಕ್ಷಣೆಯ ಪುಸ್ತಕ ತೆರೆದೆ. ಉತ್ತರದ ಬದಲು ಬೇರೊಂದು ಸಾಲು ಕಣ್ಣಿಗೆ ಬಿತ್ತು. ಥೈಮಾಲ್ ಆವಿ ಬೀಜದ ಮೊಳಕೆಯನ್ನು ತಡೆಯುತ್ತದೆ ಎಂದಿತ್ತು.

ಅಂದೇ ಆನವಟ್ಟಿಯ ತಟ್ಟೆಯಿಂದ ಇಪ್ಪತ್ತು ಕಾಳು ತೆಗೆದು, ಶಾಯಿ ಹೀರುವ ಒತ್ತುಕಾಗದವನ್ನು ಒದ್ದೆ ಮಾಡಿ ಅದರ ಮೇಲೆ ಇಟ್ಟೆ. ಒಂಬತ್ತನೆಯ ತಾರೀಖಿನ ಬೆಳಿಗ್ಗೆ ನೋಡಿದಾಗ ಒಂದು ಮೊಳೆತಿತ್ತು. ತಟ್ಟೆಗಳನ್ನು ಕೊಟ್ಟವರ ಮನೆಯಲ್ಲಿ ಚೀಲಗಟ್ಟಲೆ ಬೀಜ ಇತ್ತು. ಗುಡ್ಡಮ್ಮನ ಮನೆಯಲ್ಲಿ ಇರಲಿಲ್ಲ. ಏನೂ ಹೇಳದೆ ಗಂಟು ಹಿಂದಿರುಗಿಸಬಹುದಿತ್ತು. ಗದ್ದೆಯಲ್ಲಿ ಮೊಳೆಯದಿದ್ದರೆ ಮಳೆಯನ್ನೋ ಇರುವೆಯನ್ನೋ ದೂರುತ್ತಿದ್ದರು. ಆ ಯೋಚನೆ ಬಂದದ್ದು ನಿಜ. ಅದನ್ನು ಇಲ್ಲಿ ಬಿಟ್ಟುಬಿಡಲಾರೆ.

ಹನ್ನೊಂದು ಗಂಟೆಗೆ ತಾಯಿ ಮಗ ಇಬ್ಬರೂ ಬಂದರು. ಗುಡ್ಡಮ್ಮ ಗಂಟನ್ನು ಮಡಿಲಿಗೆ ಎತ್ತಿಕೊಂಡು, ಅದರ ಮೇಲೆ ಮೂಗಿಟ್ಟರು.

"ಏನ್ ಮೇಷ್ಟ್ರೇ, ಓಂಕಾಳಿನ ವಾಸನೆ. ನನ್ನ ಭತ್ತಕ್ಕೆ ಬಾಣಂತನ ಮಾಡೀರಾ?"

ನಾನು ನಗಲಿಲ್ಲ. ಬೀರು ತೋರಿಸಿದೆ, ರಿಜಿಸ್ಟರ್ ತೋರಿಸಿದೆ, ಒತ್ತುಕಾಗದದ ಮೇಲಿನ ಇಪ್ಪತ್ತು ಕಾಳು ತೋರಿಸಿದೆ. ಅವರು ಕಾಳನ್ನು ಒಂದೊಂದಾಗಿ ಉಗುರಿನಿಂದ ಒತ್ತಿ ನೋಡಿದರು. ಶಿವಮೂರ್ತಪ್ಪನವರು ತಮ್ಮ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು.

"ಇಟ್ಟೋರು ಪ್ರಸಾದ್" ಎಂದು ನನ್ನತ್ತ ಕೈ ತೋರಿಸಿದರು. "ಇಡಬೇಕು ಅನ್ನೋ ನಿಯಮ ನಂದು" ಎಂದರು.

ಗುಡ್ಡಮ್ಮ ಬೆಂಚಿನ ಮೇಲೆ ಕುಳಿತರು. ಗಂಟು ತೊಡೆಯ ಮೇಲೇ ಇತ್ತು. ಸುರೇಂದ್ರ ಏನಾದರೂ ಚುಚ್ಚು ಮಾತು ಆಡುತ್ತಾನೆ ಎಂದುಕೊಂಡಿದ್ದೆ. ಅವನು ಮೊಳೆಯದ ಕಾಳುಗಳನ್ನೇ ನೋಡುತ್ತಿದ್ದ.

"ಸಾರ್, ಇವು ತಟ್ಟೇಲಿ ಬಿಚ್ಕೊಂಡು ಇದ್ದವು ಅಲ್ವಾ?"

"ಹೌದು."

"ಅವ್ವ ಗಂಟು ಕಟ್ಟೋದು ನೀವು ನೋಡಿಲ್ಲ. ಎರಡು ಪದರ ಬಟ್ಟೆ, ಮೇಲೆ ಹುಲ್ಲಿನ ಹಗ್ಗ, ಮೊಣಕಾಲು ಕೊಟ್ಟು ಬಿಗೀತಾಳೆ. ನಿಮ್ಮ ಧೂಪ ಒಳಗಿನ ಕಾಳಿನ ತನಕ ಹೋಗೈತಾ?"

ಇಡೀ ವಾರ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಆವಿ ಒತ್ತಾಗಿ ತುಂಬಿದ ಕಾಳಿನ ನಡುವೆ ನಿಧಾನವಾಗಿ ಹೋಗುತ್ತದೆ. ಎಷ್ಟು ದೂರ ಹೋಗಿದೆ ಎಂದು ಊಹಿಸಿ ಹೇಳುವಂತಿರಲಿಲ್ಲ.

"ಗೊತ್ತಿಲ್ಲ. ಮೊಳಕೆ ಪರೀಕ್ಷೆ ಮಾಡಿದರೆ ಗೊತ್ತಾಗುತ್ತೆ. ಹೊರಗಿನದು, ನಡುವಿನದು, ಒಳಗಿನದು, ನೂರು ನೂರು ಕಾಳು. ನೂರಕ್ಕೆ ಎಂಬತ್ತು ಮೊಳೆತರೆ ಬಿತ್ತೋಕೆ ಅಡ್ಡಿಯಿಲ್ಲ. ಆದರೆ ಗಂಟು ಬಿಚ್ಚಬೇಕು."

"ಬಿಚ್ಚೋ ಹಂಗಿಲ್ಲ" ಎಂದರು ಗುಡ್ಡಮ್ಮ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ.

"ಅವ್ವ, ಬಿಚ್ಚದೆ ಹಂಗೇ ಬಿತ್ತಿ, ಒಳಗಿನ ಒಳ್ಳೇದನ್ನೂ ಹೊರಗಿನ ಸತ್ತಿದ್ದನ್ನೂ ಕಲಸಿ ಹಾಕ್ತೀಯಾ?"

"ನಿಂಗೆ ಯಾವಾಗಿಂದ ಈ ಭತ್ತದ ಮೇಲೆ ಪ್ರೀತಿ ಬಂತೋ?"

"ಪ್ರೀತಿ ಎಲ್ಲೈತೆ? ನನ್ನ ಬೀಜ ಕೊಳೆತ ಗದ್ದೇಲಿ ಇದು ನಿಂತಿದ್ದು ನೋಡೀನಿ. ಅಷ್ಟೇ."

ಗುಡ್ಡಮ್ಮ ಹಗ್ಗದ ಗಂಟನ್ನು ಬೆರಳಿನಲ್ಲಿ ತಿರುವುತ್ತ ಕುಳಿತರು. ನಾನು ಪರೀಕ್ಷೆಗೆಂದು ಒತ್ತುಕಾಗದದ ಹಾಳೆಗಳನ್ನು ತಂದೆ. ಅವರು ಕತ್ತೆತ್ತಿ ನೋಡಿದರು.

"ಕಾಗದದ ಮೇಲೆ ಬಿತ್ತಾಕೆ ನಾನೇನು ಗುಮಾಸ್ತಳಾ? ಮಣ್ಣು ತರಿಸ್ರಿ."

"ಮಣ್ಣಾ?" ಎಂದರು ಶಿವಮೂರ್ತಪ್ಪ.

"ಬಿತ್ತೋ ದಿನ ಅಂದ್ರೆ ಪಂಚಾಂಗದಾಗೆ ಇರೋ ದಿನ ಅಲ್ಲ ಸಾಮಿ. ಬೀಜ ಮಣ್ಣಿಗೆ ಬೀಳೋ ದಿನ. ಇವತ್ತು ಮುನ್ನೂರು ಕಾಳು ಮಣ್ಣಿಗೆ ಬಿದ್ರೆ ಇವತ್ತೇ ನಮ್ಮ ಬಿತ್ತನೆ. ಆಗ ಗಂಟು ಬಿಚ್ಚಬೌದು."

ಸುರೇಂದ್ರ ತಾಯಿಯನ್ನೇ ನೋಡಿದ. "ವಕೀಲಿ ಓದ್ಬೇಕಿತ್ತು ನೀನು" ಎಂದ.

ಶಿವಮೂರ್ತಪ್ಪನವರು ಪುಸ್ತಕದ ಮನೆಯೊಳಗೆ ಒದ್ದೆ ಮಣ್ಣು ಬಿಡುವವರಲ್ಲ. ಅವರು ರ್ಯಾಕುಗಳತ್ತ ಒಮ್ಮೆ ನೋಡಿ, "ಕೊಟ್ರೇಶ, ಕೆರೆ ಅಂಗಳದಿಂದ ಎರಡು ಬುಟ್ಟಿ ತಾ. ಕಲ್ಲು ಆರಿಸಿ ತಾ" ಎಂದರು. ಹಳೆಯ ಕ್ಯಾಟಲಾಗ್ ಕಾರ್ಡುಗಳ ಮೂರು ಖಾಲಿ ಡ್ರಾಯರುಗಳನ್ನು ಅವರೇ ಉಗ್ರಾಣದಿಂದ ಹುಡುಕಿ ತೆಗೆದರು. ಒಳಗೆ ಪ್ಲಾಸ್ಟಿಕ್ ಹಾಸಿ, ಮಣ್ಣು ತುಂಬಿ, ಹಜಾರದ ಪೂರ್ವದ ಕಿಟಕಿಯ ಕೆಳಗೆ ಇಟ್ಟೆವು.

ಗುಡ್ಡಮ್ಮ ಡ್ರಾಯರುಗಳಿಗೆ ಅರಿಸಿನ ಕುಂಕುಮ ಇಟ್ಟರು. ಕೊಟ್ರೇಶ್ ಆಫೀಸಿನಿಂದ ಊದುಬತ್ತಿ ತಂದ. ಬೆಂಕಿ ತಂದನೆಂದು ಅವನಿಗೆ ಬೈಯಬೇಕಾಗಿದ್ದ ಶಿವಮೂರ್ತಪ್ಪನವರು ಕಿಟಕಿ ತೆರೆದರು. ಆಮೇಲೆ ಗುಡ್ಡಮ್ಮ ಹಗ್ಗ ಬಿಚ್ಚಿದರು. ಬಟ್ಟೆಗೆ ತಾಗಿದ ಒಂದು ಬೆರಳು ದಪ್ಪದ ಪದರವನ್ನು ನಾನು ಬೇರೆ ಮಾಡಿದೆ, ಅದರ ಒಳಗಿನ ಇನ್ನೊಂದು ಬೆರಳು ದಪ್ಪವನ್ನು ಇನ್ನೊಂದು ಮೊರಕ್ಕೆ ಹಾಕಿದೆ. ಉಳಿದದ್ದು ಒಳಗಿನ ಗುಪ್ಪೆ. ಗುಡ್ಡಮ್ಮ ಆ ಗುಪ್ಪೆಯಿಂದ ಹಿಡಿ ತೆಗೆದು ಮೂಸಿದರು. ಸಾಲಿಗೆ ಐದರಂತೆ ಇಪ್ಪತ್ತು ಸಾಲು, ಪ್ರತಿ ಡ್ರಾಯರಿಗೆ ನೂರು ಕಾಳು, ಅವರೇ ಊರಿದರು. ಬೀಜವನ್ನು ಮೂರು ಚೀಲಗಳಲ್ಲಿ ಬೇರೆಬೇರೆಯಾಗಿ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟರು. ರೋಹಿಣಿ ಮಳೆ ಬೀಳಲು ಹದಿನೈದು ದಿನ ಇತ್ತು. ಒಂಬತ್ತು ದಿನಕ್ಕೆ ಬನ್ನಿ ಎಂದೆ.

"ಬಂದಾಗ ಸುಳ್ಳು ಹೇಳಬ್ಯಾಡ್ರಿ" ಎಂದರು.

"ಇಲ್ಲಮ್ಮ."

"ಹೇಳಾಂಗಿದ್ರೆ ಇವತ್ತೇ ಹೇಳ್ತಿದ್ರಿ ಬಿಡ್ರಿ."

ಮುಗಿದ ಪ್ರದರ್ಶನ ಹೀಗೆ ಮತ್ತೆ ಒಂಬತ್ತು ದಿನ ನಡೆಯಿತು. ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿಗಳು ಎದ್ದು ಬಂದು ಡ್ರಾಯರಿನಲ್ಲಿ ಇಣುಕಿ ಹೋಗುತ್ತಿದ್ದರು. ಪತ್ರಿಕೆ ಓದಲು ಬರುವ ಹಿರಿಯರೊಬ್ಬರು ನೀರು ಜಾಸ್ತಿಯಾಯಿತೆಂದು ನನ್ನನ್ನು ಗದರಿದರು. ನಾಲ್ಕು ದಿನ ಏನೂ ಕಾಣಲಿಲ್ಲ. ಐದನೆಯ ದಿನ ಬೆಳಿಗ್ಗೆ ಒಂದು ಡ್ರಾಯರಿನಲ್ಲಿ ಮಣ್ಣು ಅಲ್ಲಲ್ಲಿ ಬಿರಿದಿತ್ತು. ಭಾನುವಾರ ರಜೆಯಿದ್ದರೂ ಯಾರೋ ನೀರು ಹಾಕಿದ್ದರು. ಬೀಗದ ಕೈ ಶಿವಮೂರ್ತಪ್ಪನವರ ಹತ್ತಿರ ಮಾತ್ರ ಇತ್ತು. ನಾನು ದಿನವೂ ನೋಡಿದೆ, ಆದರೆ ಎಣಿಸಲಿಲ್ಲ. ಬೇಗ ಎಣಿಸಿದರೆ ತಡವಾಗಿ ಏಳುವ ಕಾಳು ಲೆಕ್ಕ ತಪ್ಪುತ್ತದೆ.

ಮೇ 18ರ ಶನಿವಾರ ಗುಡ್ಡಮ್ಮ, ಸುರೇಂದ್ರ ಬಂದರು. ಹೊರ ಪದರದ ಡ್ರಾಯರಿನಲ್ಲಿ ಮಣ್ಣೇ ಕಾಣುತ್ತಿತ್ತು. ನಾನು ಎಣಿಸಿದೆ: ನೂರಕ್ಕೆ ಏಳು. ಗುಡ್ಡಮ್ಮ ತಲೆಯಾಡಿಸಿದರು. ಎರಡನೆಯದನ್ನು ಸುರೇಂದ್ರ ಎಣಿಸಿದ: ನಲವತ್ನಾಲ್ಕು.

"ಅದನ್ನ ಹಳ್ಳದ ಬದಿಗೆ ದಟ್ಟ ಹಾಕಿ ನೋಡಾಣ" ಎಂದ. "ಹೋದ್ರೆ ಹೋಯ್ತು."

ಮೂರನೆಯದನ್ನು ಗುಡ್ಡಮ್ಮ ಯಾರಿಗೂ ಬಿಡಲಿಲ್ಲ. ಮಂಡಿಯೂರಿ ಕುಳಿತು, ಒಂದೊಂದು ಸಾಲಿಗೂ ಬೆರಳಿಟ್ಟು ಎಣಿಸಿದರು. ಹತ್ತನೆಯ ಸಾಲಿನ ಹತ್ತಿರ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದರು. ಓದುವ ಕೋಣೆಯಿಂದ ಬಂದ ನಾಲ್ಕೈದು ಮಂದಿ ಅವರ ಬೆನ್ನ ಹಿಂದೆ ಬಾಯಲ್ಲೇ ಎಣಿಸುತ್ತಿದ್ದರು. ಮುಗಿದ ಮೇಲೆ ಗುಡ್ಡಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಎದ್ದರು.

"ಸುರೇಂದ್ರ, ತಗ್ಗು ಗದ್ದೇಲಿ ಕಾಲು ಎಕರೆ ಇದಕ್ಕೆ ಬಿಡು. ಬರೋ ವರ್ಷಕ್ಕೆ ಬೀಜ ಆಗ್ತೈತೆ" ಎಂದು ಹೇಳಿ, ನನ್ನ ಕಡೆ ತಿರುಗಿ, "ಬರಕೊಳ್ಳಿ ಮೇಷ್ಟ್ರೇ" ಎಂದರು.

ನಾನು ರಿಜಿಸ್ಟರ್ ತೆರೆದು ಬರೆದೆ: ನೆರೆಗುಳಿ, ಗಂಟಿನ ಒಳಭಾಗ, ಒಂಬತ್ತನೆಯ ದಿನ, ಮೊಳಕೆ ನೂರಕ್ಕೆ ಎಂಬತ್ತಾರು.