ಬಚ್ಚಲಿನಿಂದ ಬಂದ ಸಹಿ

ಕೋರ್ಟಿನ ಕರೆ ಬಂದಾಗ ಎವುಲಾಲಿಯಾ ಬ್ರಾಕಾಮೊಂಟೆ ತನ್ನ ಟೈರ್ ಅಂಗಡಿಯ ಮುಂದೆ ಲಾರಿಯೊಂದರ ಹಿಂದಿನ ಚಕ್ರ ಕಳಚುತ್ತಿದ್ದಳು. ಕೈಯೆಲ್ಲ ಎಣ್ಣೆ, ಅಲ್ಲೇ ಇಟ್ಟು ಹೋಗಪ್ಪಾ ಎಂದರೆ ಕಾಗದ ತಂದವನು ಕೇಳಲಿಲ್ಲ, ಕೈಗೇ ಕೊಡಬೇಕೆಂದು ಹಟ ಹಿಡಿದ. ಸರಿ, ಎಣ್ಣೆಗೈಯಲ್ಲೇ ಇಸಿದುಕೊಂಡಳು.

ಅರಿಜೋನಾದ ಆ ಊರಿನ ದಕ್ಷಿಣದ ಬೀದಿಯಲ್ಲಿ ಅವಳನ್ನು ಎಲ್ಲರೂ ಗೌರವದಿಂದ ಕರೆಯುವುದು ಡೋನ್ಯಾ ಲಾಲಾ ಎಂದು. ಬೀದಿಯ ನಟ್ಟನಡುವೆ ಟ್ರಾಮ್ ಓಡಿಸುತ್ತೇವೆಂದು ನಗರಸಭೆ ಹೊರಟಿತ್ತು. ನಡುವೆ ಹಳಿ ಬಿದ್ದರೆ ಬೀದಿಯ ಆಚೆ ಬದಿಯಲ್ಲಿ ಬರುವ ಗಾಡಿಗಳು ಅಂಗಡಿಯತ್ತ ತಿರುಗುವ ಹಾಗೇ ಇಲ್ಲ. ಲಾಲಾ ಬಾಗಿಲು ಮುಚ್ಚುವುದೊಂದೇ ಬಾಕಿ. ಬೀದಿಯವರನ್ನು ಒಂದು ಮಾತು ಕೇಳಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಯಾರೂ ಕೇಳಲಿಲ್ಲ. ಸಾಕಷ್ಟು ಮತದಾರರ ಸಹಿ ಕೂಡಿಸಿದರೆ ಟ್ರಾಮ್ ಬೇಕೋ ಬೇಡವೋ ಎಂದು ಇಡೀ ಊರನ್ನೇ ಮತ ಹಾಕಿಸಿ ಕೇಳಬಹುದು, ಕಾನೂನಿನಲ್ಲಿ ಆ ದಾರಿ ಇದೆ. ಬೀದಿಯವರು ಅದನ್ನೇ ಹಿಡಿದರು. ಲಾಲಾಳಷ್ಟು ಸಹಿ ಮತ್ಯಾರೂ ತರಲಿಲ್ಲ. ಚಕ್ರ ಬಿಚ್ಚಿಟ್ಟ ಮೇಲೆ ಗಿರಾಕಿ ಎಲ್ಲಿಗೆ ಓಡಿಯಾನು?

ಟ್ರಾಮಿನ ಪರದವರು ಆ ಸಹಿಗಳೇ ಸುಳ್ಳೆಂದು ಕೋರ್ಟಿಗೆ ಹೋದರು. ಸಹಿ ಸಂಗ್ರಹಿಸಿದವರನ್ನೆಲ್ಲ ಸಾಕ್ಷಿಗೆ ಎಳೆದರು. ಬಾರದವರು ತಂದ ಸಹಿಯ ಹಾಳೆಗಳೆಲ್ಲ ರದ್ದು, ಅದೂ ಕಾನೂನೇ. ಎಂಥ ಕಾನೂನೋ ಏನೋ! ಅಡುಗೆಯವರು, ಸೂರು ಹೊದಿಸುವವರು, ಒಂದು ದಿನದ ಕೆಲಸ ಬಿಟ್ಟು ಬರಲಾರರೆಂಬುದು ಟ್ರಾಮಿನವರ ಎಣಿಕೆ. ಲಾಲಾ ಅಂಗಡಿಗೆ ಬೀಗ ಜಡಿದು, ಚರ್ಚಿಗೆ ಉಡುವ ನೀಲಿ ಉಡುಪು ತೊಟ್ಟು ಹೊರಟಳು.

ಬೀದಿಯವರ ವಕೀಲ ಪ್ರೆಂಟಿಸ್ ಕೋರ್ಟಿನ ಪಡಸಾಲೆಯಲ್ಲೇ ಅವಳನ್ನು ಪಕ್ಕಕ್ಕೆ ಕರೆದ. ಒಲಿವಾಸ್ ಮನೆಯ ಸಹಿಗಳನ್ನು ಅವರು ಹಿಡಿದುಬಿಟ್ಟಿದ್ದಾರೆ, ಅಪ್ಪನದೂ ಮಗಳದೂ ಒಂದೇ ಕೈಬರಹವಂತೆ ಎಂದ. ಲಾಲಾಳ ಕಣ್ಣೆದುರೇ ನಡೆದದ್ದು ಅದು. ಸಹಿಗೆಂದು ಅವಳು ಅವರ ಮನೆಗೆ ಹೋದಾಗ ಫೆರ್ಮೀನ್ ಒಲಿವಾಸ್ ದಿನವಿಡೀ ಬಿಸಿಲಲ್ಲಿ ಸೂರು ಹೊದಿಸಿ ಬಂದು ಬಚ್ಚಲಲ್ಲಿದ್ದ. ಅಲ್ಲಿಂದಲೇ, ನಂದೂ ಹಾಕಮ್ಮಾ ಇಮೆಲ್ಡಾ ಎಂದು ಕೂಗಿದ. ಹೂಂ, ಹಾಕು ಎಂದು ಲಾಲಾಳೂ ಅಂದಳು. ಆ ಬೀದಿಯಲ್ಲಿ ಹಿರಿಮಗಳು ಸಹಿ ಹಾಕದ ಕಾಗದ ಯಾವುದಿದೆ? ಶಾಲೆಯದು, ಕರೆಂಟಿನದು, ಆಸ್ಪತ್ರೆಯದು, ಇಂಗ್ಲಿಷಿನಲ್ಲಿ ಬಂದದ್ದಕ್ಕೆಲ್ಲ ಅವಳೇ ಮನೆಯ ಕೈ. ಲಾಲಾಳೂ ಹಿರಿಮಗಳೇ. ಅಪ್ಪನ ಹೆಸರು ಬರೆದು ಬರೆದು ಅವಳಿಗೆ ತನ್ನ ಸಹಿಗಿಂತ ಅದೇ ಚೆನ್ನಾಗಿ ಬರುತ್ತಿತ್ತು. ಇದರಲ್ಲಿ ತಪ್ಪಿದೆಯೆಂದು ಅವಳಿಗೆ ಹೊಳೆದಿರಲೇ ಇಲ್ಲ. ಆದರೆ ಹಾಳೆಯ ಹಿಂಬದಿಯಲ್ಲಿ, ಎಲ್ಲರೂ ತಮ್ಮ ಕೈಯಾರೆ ಸಹಿ ಹಾಕಿದ್ದನ್ನು ಕಂಡಿದ್ದೇನೆ ಎಂದು ಪ್ರಮಾಣ ಮಾಡಿದವಳೂ ಅವಳೇ.

ನೆನಪಿಲ್ಲದಿದ್ದರೆ ನೆನಪಿಲ್ಲ ಅಂದರೆ ಸಾಕು, ಮರೆತದ್ದಕ್ಕೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ ಎಂದ ಪ್ರೆಂಟಿಸ್. ಆಗ ಆ ಒಂದು ಸಹಿ ಮಾತ್ರ ಹೋಗುತ್ತದೆ, ಉಳಿದ ಹಾಳೆಗಳು ನಿಲ್ಲುತ್ತವೆ, ಮತದಾನ ನಡೆಯುತ್ತದೆ.

"ಮತ್ತೆ ಹುಡುಗಿ?" ಎಂದಳು ಲಾಲಾ.

ಪ್ರೆಂಟಿಸ್ ತನ್ನ ಬೂಟು ನೋಡಿಕೊಂಡ. ಯಾರಿಗೂ ಕಾಣದಂತೆ ಅಪ್ಪನ ಸಹಿ ನಕಲು ಮಾಡಿದಳು ಎಂದಾಗುತ್ತದೆ. ಕೇಸು ಹಾಕಿದರೂ ಹಾಕಬಹುದು ಎಂದ. ಇಮೆಲ್ಡಾ ನರ್ಸಿಂಗ್ ಮುಗಿಸಿ ಪರವಾನಗಿಗೆ ಕಾದಿದ್ದಳು. ಮೋಸದ ಕೇಸು ಬಿದ್ದವಳಿಗೆ ಪರವಾನಗಿ ಎಲ್ಲಿಂದ ಬರಬೇಕು?

ಎದುರು ಪಕ್ಷದ ವಕೀಲ ಹಾಲೋವೇ ಬಲು ಮೆದುಮಾತಿನವನು. ಹಾಳೆಯನ್ನು ಅವಳ ಮುಂದಿಟ್ಟ. "ಈ ಮಗಳು ಯಾರಿಗೂ ಗೊತ್ತಾಗದ ಹಾಗೆ ಅಪ್ಪನ ಸಹಿ ಹಾಕಿದಳು, ಅಲ್ವಾ ಮೇಡಂ? ನೀವು ನೋಡಿದ ನೆನಪಿದೆಯಾ?"

ಎಂಥ ಸಲೀಸು ದಾರಿ. ನೆನಪಿಲ್ಲ ಎಂದರೆ ಮುಗಿಯಿತು, ಅಂಗಡಿ ಉಳಿದೀತು. ಹಿಂದಿನ ಬೆಂಚಿನಲ್ಲಿ ಇಮೆಲ್ಡಾ ತಲೆ ತಗ್ಗಿಸಿದ್ದಳು.

"ನೋಡಿದೆ. ಕಣ್ಣು ಚೆನ್ನಾಗೇ ಇದೆ ನಂಗೆ," ಎಂದಳು ಲಾಲಾ. "ಅವರಪ್ಪ ಹಾಕು ಅಂದ. ನಾನೂ ಹಾಕು ಅಂದೆ. ಅದಕ್ಕೇ ಹಾಕಿದ್ಳು. ಮೋಸ ಅಂತ ಬರೀಬೇಕಾದ್ರೆ ನನ್ನ ಹೆಸ್ರು ಬರ್ಕೊಳ್ಳಿ. ಆ ಹುಡುಗಿ ತಂಟೆಗೆ ಹೋಗ್ಬೇಡಿ."

"ಹಾಗಾದ್ರೆ ನಿಮ್ಮ ಪ್ರಮಾಣ ಸುಳ್ಳು."

"ಸುಳ್ಳೇ. ಆದ್ರೆ ಫೆರ್ಮೀನ್‌ಗೆ ಟ್ರಾಮ್ ಬೇಡ ಅನ್ನೋದು ಸುಳ್ಳಲ್ಲ. ಅದನ್ನ ನೀವು ಕೇಳ್ಲೇ ಇಲ್ಲ."

ನ್ಯಾಯಾಧೀಶೆ ಹುಡುಗಿಯಲ್ಲಿ ಮೋಸದ ಉದ್ದೇಶ ಕಾಣುವುದಿಲ್ಲವೆಂದಳು. ಲಾಲಾಳಿಗೂ ಎಚ್ಚರಿಕೆ ಕೊಟ್ಟು ಬಿಟ್ಟಳು. ಆದರೆ ಅವಳು ಪ್ರಮಾಣ ಮಾಡಿದ ಹಾಳೆಗಳಷ್ಟೂ ಬಿದ್ದುಹೋದವು. ಅವಿಲ್ಲದೆ ಅರ್ಜಿಗೆ ಸಹಿ ಸಾಲಲಿಲ್ಲ, ಮತದಾನವೂ ಹೋಯಿತು. ಸತ್ಯ ಹೇಳಿದರೆ ಗೆಲ್ಲುತ್ತೇವೆಂದು ಯಾರಾದರೂ ಅಂದರೆ ಲಾಲಾಳ ಹತ್ತಿರ ಕಳಿಸಿ, ಸರಿಯಾಗಿ ಉಗಿದು ಕಳಿಸುತ್ತಾಳೆ.

ಬೀದಿಯಲ್ಲಿ ಕೆಲವರು ಮಾತು ಬಿಟ್ಟರು. ಮೂಲೆಯ ಬೇಕರಿಯವನಂತೂ, ಒಂದು ಹುಡುಗಿಗೋಸ್ಕರ ಇಡೀ ಬೀದಿ ಮಾರಿದಳು ಎಂದು ಮುಖದ ಮೇಲೇ ಅಂದ. ಅವಳು ಮನೆಗೆ ಬಂದು ಸಾಕಾಗುವಷ್ಟು ಅತ್ತಳು. ಬೆಳಗಾದ ಮೇಲೆ ನಗರಸಭೆಯ ಕಚೇರಿಗೆ ಹೋಗಿ ಹೊಸ ಅರ್ಜಿ ಬೇಕೆಂದಳು. ಹಳಿಯ ಕೆಲಸ ಇನ್ನೂ ಶುರುವಾಗಿಲ್ಲ, ಮುಂದಿನ ಚುನಾವಣೆಗೆ ಕಾಲವಿದೆ. ಕಿಟಕಿಯಲ್ಲಿದ್ದ ಗುಮಾಸ್ತ ಮುಖ ನೋಡಿ, ಮತ್ತೆ ನೀವೇನಾ ಎಂದ. ಮತ್ತೆ ನಾನೇ, ಇನ್ಯಾರು ಬರ್ಬೇಕಿತ್ತು ಎಂದಳು.

ಈ ಸಲ ಅವಳದೊಂದೇ ಕಟ್ಟಪ್ಪಣೆ: ಯಾರ ಸಹಿ ಅವರ ಕೈಯಲ್ಲೇ. ಹೆಣ್ಣುಮಕ್ಕಳ ಕೈಯಿಂದ ಪೆನ್ನು ಕಿತ್ತು ಅಪ್ಪಂದಿರಿಗೆ ಕೊಟ್ಟಳು. ಅಪ್ಪಂದಿರು ಬೆವತರು, ಗೊಣಗಿದರು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿದರು. ಪಂಕ್ಚರ್ ಹಾಕಿ ಮುಗಿದರೂ ಸಹಿ ಮುಗಿಯುತ್ತಿರಲಿಲ್ಲ. ಟ್ರಾಮಿನ ಪರದವರು ಕಳಿಸಿದ ಒಬ್ಬ ರಸ್ತೆಯಾಚೆ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ಫೆರ್ಮೀನನ ಸರದಿ ಬಂದಾಗ ಲಾಲಾ ಆ ಮನುಷ್ಯನನ್ನು ಕೈಬೀಸಿ ಕರೆದಳು.

"ನೆರಳಿಗೆ ಬಾರಪ್ಪಾ. ಅಲ್ಲಿಂದ ಮುಖ ಮಾತ್ರ ಕಾಣುತ್ತೆ. ಹತ್ರ ಬಂದು ಅವನ ಕೈ ವಿಡಿಯೊ ಮಾಡು."

ಅವನು ಹಿಂದೆ ಮುಂದೆ ನೋಡಿ ರಸ್ತೆ ದಾಟಿ ಬಂದ. ಫೆರ್ಮೀನ್ ತಲೆ ಎತ್ತಲಿಲ್ಲ. ಇಮೆಲ್ಡಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅಪ್ಪ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದ.