ಎಣ್ಣೆ ಹೋಗುವ ಕಂಬ

ಐನಾಪುರದ ಗ್ಯಾರೇಜಿನ ಪಾರಿಸ ಮಿಸ್ತ್ರಿಗೆ ಆ ದಿನ ಬೆಳಗಿನಿಂದಲೇ ಸಾಕುಸಾಕಾಗಿತ್ತು. ಜೈನರ ದಶಲಕ್ಷಣ ಪರ್ವದ ಹತ್ತು ದಿನಗಳನ್ನು ಒಪ್ಪೊತ್ತಿನ ಊಟದಲ್ಲಿ ಕಳೆದ ದೇಹ, ಐವತ್ತೆಂಟರ ವಯಸ್ಸು, ನಟ್ಟು ಬಿಗಿಯುವಾಗ ಕಡಿಯುವ ಬಲ ಭುಜ. ಇಷ್ಟು ಸಾಲದೆಂಬಂತೆ ಅಥಣಿಯಿಂದ ಗಂಟೆಗೊಮ್ಮೆ ಸಂಗ್ರಾಮನ ಫೋನು. ಸಂಗ್ರಾಮ ದ್ರಾಕ್ಷಿ ತೋಟದ ಧಣಿ. ನಲವತ್ತು ದಾಟಿದ್ದರೂ ರೇಸಿನ ಮಾತು ಬಂದರೆ ಹತ್ತು ವರ್ಷದವನಾಗುವ ಆಸಾಮಿ. ಹಳೇ ಅಂಬಾಸಿಡರನ್ನು ರೇಸಿಗೆ ಓಡಿಸುತ್ತೇನೆಂದು ಹೊರಟವನಿಗೆ ಬುದ್ಧಿ ಹೇಳುವವರು ಯಾರೂ ಸಿಕ್ಕಿರಲಿಲ್ಲ. ಎಂಜಿನ್ ಕಟ್ಟಿಕೊಡುವವರು ಮಾತ್ರ ಸಿಕ್ಕಿದ್ದರು, ಅದೂ ಒಬ್ಬರಲ್ಲ, ಇಬ್ಬರು: ಪಾರಿಸ ಮತ್ತು ಅವನ ಜೊತೆಗಾರ ಲಗಮಣ್ಣ.

ಈಗ ಲಗಮಣ್ಣ ಇಲ್ಲ. ಅಂದರೆ ಇದ್ದಾನೆ, ರಾಯಬಾಗ ತಾಲ್ಲೂಕಿನ ಪಾಲಬಾವಿಯಲ್ಲಿ, ತನ್ನ ಹೊಲದಲ್ಲಿ. ಈ ಗ್ಯಾರೇಜಿನಲ್ಲಿ ಇಲ್ಲ. ಇಪ್ಪತ್ತಾರು ವರ್ಷ ಇಬ್ಬರೂ ಒಂದೇ ಬಾನೆಟ್ಟಿನ ಕೆಳಗೆ ತಲೆ ಹಾಕಿದವರು, ಹೋದ ವರ್ಷ ಒಂದೇ ಸಂಜೆಯಲ್ಲಿ ಬೇರೆಯಾದರು. ಕಾರಣ ಇದೇ ಎಂಜಿನ್. ಕೊಲ್ಹಾಪುರದ ಆಚೆಯ ರೇಸಿನಲ್ಲಿ ಮೂರನೇ ಸುತ್ತಿಗೆ ಅದು ಕಿರುಚಿಕೊಂಡು ನಿಂತಿತ್ತು. ಮೇಲಿನ ಮುಚ್ಚಳ ತೆಗೆದು ನೋಡಿದರೆ ರಾಕರ್‌ಗಳೆಲ್ಲ ಒಣಗಿ, ಬೆಂದು, ಶಾಫ್ಟಿಗೆ ಹಿಡಿದುಕೊಂಡಿದ್ದವು. ಎಣ್ಣೆಯ ಪಸೆಯೇ ಇರಲಿಲ್ಲ. ಎಣ್ಣೆಯ ಪಂಪು ಕೂಡಿಸಿದವನು ಲಗಮಣ್ಣ. ಎಣ್ಣೆಯ ಒತ್ತಡದ ಗೇಜಿನ ಮುಳ್ಳು ಕೊನೆಯವರೆಗೂ ಸರಿಯಾಗಿಯೇ ತೋರಿಸಿತ್ತು, ಆದರೆ ಗೇಜು ಕೂಡಿಸಿದವನೂ ಅವನೇ. "ಪಂಪ್ ಬಿಚ್ಚಿ ನೋಡೋಣು ಬಾ ಪಾರಿಸ" ಎಂದು ಲಗಮಣ್ಣ ಮೂರು ಸಲ ಹೇಳಿದ. "ಇನ್ನೇನ ನೋಡೋದೈತಿ ಅದರಾಗ" ಎಂದು ಪಾರಿಸ ಮುಖ ತಿರುಗಿಸಿದ. ಸಂಗ್ರಾಮ ನಾಲ್ಕು ಮಂದಿಯ ಎದುರು ಬಾಯಿಗೆ ಬಂದದ್ದು ಅಂದ. ಮರುದಿನ ಲಗಮಣ್ಣ ನಟ್ಟು ಬಿಚ್ಚುವ ತನ್ನ ಪಾನಾಗಳನ್ನೂ ಒಯ್ಯದೆ ಊರಿಗೆ ಹೋಗಿಬಿಟ್ಟ.

ಅಂದಿನಿಂದ ಎಂಜಿನ್ ಗೋಣಿಚೀಲ ಹೊದ್ದು ಮೂಲೆಯಲ್ಲಿ ಬಿದ್ದಿತ್ತು. ಈ ವರ್ಷ ಸಂಗ್ರಾಮನಿಗೆ ಮತ್ತೆ ಹುಕಿ ಬಂತು. ಪರದೇಶದಿಂದ ಹೊಸ ರಾಕರ್‌ಗಳ ಸೆಟ್ಟು ತರಿಸಿ ತಂದಿಟ್ಟ, ಬರುವ ರವಿವಾರ ರೇಸು ಎಂದ.

ರಾಕರ್ ಎಂದರೆ ವಾಲ್ವಿನ ತಲೆಯ ಮೇಲೆ ಕುಟ್ಟಿ ಅದನ್ನು ತೆರೆಸುವ ಸಣ್ಣ ಕಬ್ಬಿಣದ ತೋಳು. ಇಂಥ ಎಂಟು ತೋಳುಗಳು ಒಂದು ಉದ್ದ ಶಾಫ್ಟಿನಲ್ಲಿ ಪೋಣಿಸಿಕೊಂಡಿರುತ್ತವೆ. ಶಾಫ್ಟು ನಾಲ್ಕು ಗಿಡ್ಡ ಕಂಬಗಳ ಮೇಲೆ ಕೂತಿರುತ್ತದೆ. ತೋಳಿನ ತುದಿ ವಾಲ್ವಿನ ತಲೆಯ ನಟ್ಟನಡುವೆ ಉರುಳಬೇಕು. ಒಂದು ಕೂದಲಷ್ಟು ಅತ್ತಿತ್ತ ಸರಿದರೂ ವಾಲ್ವು ಸವೆಯುತ್ತದೆ. ಅದಕ್ಕೆ ಕಂಬಗಳ ಅಡಿಗೆ ತೆಳ್ಳನೆಯ ತಗಡಿನ ಬಿಲ್ಲೆ ಕೊಟ್ಟು ಎತ್ತರ ಸರಿ ಮಾಡಬೇಕು, ವಾಲ್ವಿನ ತಲೆಗೆ ಮಸಿ ಹಚ್ಚಿ ಎಂಜಿನನ್ನು ಕೈಯಿಂದ ಎರಡು ಸುತ್ತು ತಿರುಗಿಸಬೇಕು, ಮಸಿ ಎಲ್ಲಿ ಅಳಿಸಿತೆಂದು ನೋಡಬೇಕು, ಮತ್ತೆ ಬಿಚ್ಚಬೇಕು. ತಿರುಗಿಸಲು ಒಬ್ಬ, ನೋಡಲು ಒಬ್ಬ. ಒಬ್ಬನೇ ಮಾಡಲು ಹೊರಟರೆ ಆ ಕಡೆಯಿಂದ ಈ ಕಡೆಗೆ ಓಡಾಡಿ ಸೊಂಟ ಬೀಳುತ್ತದೆ. ಪಾರಿಸನ ಸೊಂಟ ಬಿದ್ದು ಎರಡು ದಿನವಾಗಿತ್ತು, ಅದೂ ಬರೀ ಹಳೆಯದನ್ನು ಕೀಳುವುದರಲ್ಲೇ.

ಅವತ್ತು ಕ್ಷಮಾವಾಣಿ. ಪರ್ವ ಮುಗಿದ ಮೇಲೆ ಜೈನರೆಲ್ಲ ಎದುರಿಗೆ ಸಿಕ್ಕವರಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಪಾರಿಸನ ಫೋನಿನಲ್ಲಿ ಬೆಳಗಿನಿಂದ ಅರವತ್ತು ಜೊತೆ ಕೈಗಳು ಮುಗಿದುಕೊಂಡು ಬಂದಿದ್ದವು, ಗುಲಾಬಿ ಹೂವಿನ ಸಮೇತ. ಬಸದಿಗೆ ಹೋಗಿ ಬಂದು, ಹೆಂಡತಿ ಕುಸುಮ ಕೊಟ್ಟ ಅವಲಕ್ಕಿ ತಿಂದು, ಕೊನೆಗೆ ಉಳಿದ ಹಳೆಯ ಕಂಬಗಳನ್ನು ಎತ್ತಲು ಕೂತ.

ಒಂದು, ಎರಡು ಎತ್ತಿದ. ಮೂರನೆಯದನ್ನು ಎತ್ತಿದಾಗ ಅದರ ಅಡಿಯ ಬಿಲ್ಲೆಯಲ್ಲಿ ಕಾಳುಮೆಣಸಿನಷ್ಟು ಒಂದು ತೂತು ಕಂಡಿತು. ಪಾರಿಸ ಅದನ್ನೇ ನೋಡುತ್ತ ಕೂತ. ಆಮೇಲೆ ನಾಲ್ಕನೆಯ ಕಂಬ ಎತ್ತಿದ. ಅಲ್ಲಿದ್ದ ಬಿಲ್ಲೆಗೆ ತೂತೇ ಇರಲಿಲ್ಲ.

ಎಣ್ಣೆ ಕೆಳಗಿನಿಂದ ಮೇಲಕ್ಕೆ ಏರುವುದು ನಾಲ್ಕನೆಯ ಕಂಬದ ಒಳಗಿಂದ ಮಾತ್ರ. ಅದರ ಬಿಲ್ಲೆಗೆ ಮಾತ್ರ ಆ ತೂತು ಬೇಕು. ತೂತಿದ್ದದ್ದು ಪಕ್ಕದ ಕಂಬಕ್ಕೆ ಹೋಗಿತ್ತು, ತೂತಿಲ್ಲದ್ದು ಎಣ್ಣೆಯ ದಾರಿಗೆ ಬಿರಡೆ ಹೊಡೆದಂತೆ ಕೂತಿತ್ತು. ಪಂಪು ಪಾಪ ಒಂದು ವರ್ಷದ ಹಿಂದೆ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು.

ಬಿಲ್ಲೆಗಳನ್ನು ಕತ್ತರಿಸಿದವನೂ ಕೂಡಿಸಿದವನೂ ಪಾರಿಸನೇ. ಹೋದ ವರ್ಷದ ಪರ್ವದಲ್ಲೇ, ಒಂದು ಸಂಜೆ. ಸೂರ್ಯ ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟುವಂತಿಲ್ಲ. "ಹೊತ್ತ ಹೊಂಟೈತಿ, ನೀರ ಕುಡದ ಹೋಗ್ರಿ" ಎಂದು ಕುಸುಮ ಹಿತ್ತಲಿನಿಂದ ಕೂಗಿದಳು. ಎರಡು ಕಂಬದ ಕೆಲಸ ಮುಗಿದಿತ್ತು, ಎರಡು ಬಾಕಿ ಇತ್ತು. ಗಂಟಲು ಒಣಗಿತ್ತು, ಆತುರವಿತ್ತು. ಎರಡೂ ಬಿಲ್ಲೆಗಳನ್ನು ತುರುಕಿ, ಕಂಬ ಕೂಡಿಸಿ, ಕೈ ಒರೆಸಿಕೊಳ್ಳುತ್ತ ಓಡಿದ್ದ. ಈಗ ಅದೆಲ್ಲ ನಿಚ್ಚಳವಾಗಿ ನೆನಪಾಯಿತು. ಅವನಿಗೆ ನಾಚಿಕೆಯಾಯಿತು, ಸುಮ್ಮನೆ ಆಗುವ ನಾಚಿಕೆಯಲ್ಲ, ಬೆವರು ಬರುವಂಥದ್ದು.

ಅಷ್ಟರಲ್ಲಿ ಪಕ್ಕದ ಗೊಬ್ಬರದಂಗಡಿಯ ಅಭಿನಂದನ ಬಾಗಿಲಲ್ಲಿ ನಿಂತು ಕೈಮುಗಿದ. "ಉತ್ತಮ ಕ್ಷಮಾ ಮಾಮಾ. ಏನರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ."

"ನೀ ಏನ ತಪ್ಪ ಮಾಡಿದಿಲೇ?" ಎಂದು ಪಾರಿಸ ಗದರಿದ. ಅಭಿನಂದನ ಪೆಚ್ಚಾಗಿ ನಕ್ಕು ಹೋದ.

ಯಾರಿಗೂ ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಲ್ಲೆಗಳನ್ನು ಗುಜರಿಗೆ ಎಸೆದರೆ ಮುಗಿಯಿತು. ಲಗಮಣ್ಣನಿಗೆ ಫೋನಿನಲ್ಲೇ ಉತ್ತಮ ಕ್ಷಮಾ ಎಂದರೂ ಸಾಕು. ತಿಳಿದೋ ತಿಳಿಯದೆಯೋ ಎಂಬ ಮಾತಿನೊಳಗೆ ಎಂಥ ಬಿಲ್ಲೆಯಾದರೂ ಅಡಗುತ್ತದೆ. ಈ ಯೋಚನೆ ಬಂದದ್ದಕ್ಕೇ ಪಾರಿಸನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಎರಡೂ ಬಿಲ್ಲೆಗಳನ್ನು ಕಿಸೆಗೆ ಹಾಕಿಕೊಂಡು, ಎದ್ದು ಗಾಡಿಗೆ ಕಿಕ್ ಹೊಡೆದ.

ಉಗಾರ ದಾಟಿ, ಕುಡಚಿಯ ಸೇತುವೆಯ ಮೇಲೆ ಟ್ರ್ಯಾಕ್ಟರ್ ಟ್ರಾಲಿಗಳ ಹಿಂದೆ ಅರ್ಧ ತಾಸು ತೆವಳಿ, ಹಾರೂಗೇರಿಯಲ್ಲಿ ಒಮ್ಮೆ ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡು, ಪಾಲಬಾವಿ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಅಂಗಳದಲ್ಲಿ ಲಗಮಣ್ಣನ ಹೆಂಡತಿ ಚನ್ನವ್ವ ಜೋಳ ಹಸನು ಮಾಡುತ್ತಿದ್ದಳು. ನೋಡಿದವಳು ಮೊರ ಕೆಳಗಿಟ್ಟಳು, ಆದರೆ ನಗಲಿಲ್ಲ.

"ಹೊಲದಾಗ ಅದಾರ್ರಿ. ನೀರಿನ ಎಂಜಿನ್ ಕೆಟ್ಟೈತಿ, ಹಾರೂಗೇರಿ ಮಿಸ್ತ್ರಿ ಬರ್ತೀನಿ ಅಂದಾನ, ಅವನ ದಾರಿ ನೋಡಾಕತ್ತಾರ."

"ಲಗಮಣ್ಣ ಇನ್ನೊಬ್ಬ ಮಿಸ್ತ್ರಿನ ದಾರಿ ನೋಡ್ತಾನೇನು?"

"ಒಂದ ವರ್ಷ ಆತ್ರಿ, ಯಾವ ಎಂಜಿನ್ನಿಗೂ ಕೈ ಹಚ್ಚಿಲ್ಲ. ನನ್ನ ಕೈ ಹೋಗೇತಿ ಅಂತಾರ."

ಹೊಲದವರೆಗಿನ ಎರಡು ಫರ್ಲಾಂಗು ಪಾರಿಸನಿಗೆ ಅಥಣಿಯಷ್ಟು ದೂರವಾಯಿತು. ಜಗಳವಾಡಿ ಹೋದವನು ಸಿಟ್ಟಿನಲ್ಲಿದ್ದಾನೆ ಎಂದುಕೊಂಡಿದ್ದ. ಲಗಮಣ್ಣ ತಾನೇ ತಪ್ಪು ಮಾಡಿದೆನೆಂದು ನಂಬಿಕೊಂಡು ಕೂತಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಲಗಮಣ್ಣ ಬದುವಿನ ಮೇಲೆ ಕೂತಿದ್ದ, ಬಿಚ್ಚದ ಎಂಜಿನ್ನಿನಿಂದ ನಾಲ್ಕು ಮಾರು ದೂರದಲ್ಲಿ. ತೆಳ್ಳಗಾಗಿದ್ದ. ಪಾರಿಸ ಪಕ್ಕದಲ್ಲಿ ಕೂತು, ಸುತ್ತು ಬಳಸದೆ ಎಲ್ಲ ಹೇಳಿದ. ಕಿಸೆಯಿಂದ ಎರಡು ಬಿಲ್ಲೆ ತೆಗೆದು ಯಾವುದು ಎಲ್ಲಿತ್ತೆಂದು ತೋರಿಸಿದ. ಲಗಮಣ್ಣ ಅವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಪಂಪ್ ಸರಿ ಇತ್ತು?"

"ಸರಿ ಇತ್ತು."

"ಗೇಜು?"

"ಅದೂ ಸರಿ ಇತ್ತು. ಎಲ್ಲಾ ತಪ್ಪ ನಂದ, ಲಗಮಣ್ಣ. ನೀ ಬಿಚ್ಚಿ ನೋಡೋಣು ಅಂದಿ, ನಾ ಕೇಳಲಿಲ್ಲ."

"ರಾತ್ರೆಲ್ಲಾ ಮನಸಿನ್ಯಾಗ ಆ ಪಂಪ್ ಕೂಡಸ್ತಿದ್ನಿ" ಎಂದ ಲಗಮಣ್ಣ. "ಎಲ್ಲಿ ತಪ್ಪಿತು ಅಂತ ತಿಳೀಲೇ ಇಲ್ಲ." ಬಿಲ್ಲೆಗಳನ್ನು ಪಾರಿಸನ ಕೈಗಿಟ್ಟು, "ಇದನ್ನ ಸಂಗ್ರಾಮಗ ಹೇಳು. ಈಗ. ನನ್ನ ಮುಂದ" ಎಂದ.

ಪಾರಿಸ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಒಂದೊಂದೇ ಮಾತು ಬಿಡಿಸಿ ಹೇಳಿದ: ಬಿಲ್ಲೆ ನಾನೇ ತಪ್ಪಿ ಹಾಕಿದ್ದೆ, ಲಗಮಣ್ಣನದು ಏನೂ ತಪ್ಪಿರಲಿಲ್ಲ, ನೀವು ಅವತ್ತು ಅಂದ ಮಾತೆಲ್ಲ ನನಗೆ ಅನ್ನಬೇಕಿತ್ತು.

"ಹೌದಾ?" ಎಂದ ಸಂಗ್ರಾಮ. ಹಿಂದೆ ಯಾರೋ ಕೂಲಿಯವರನ್ನು ಕರೆಯುವ ಸದ್ದು. "ನಾ ಅವತ್ತ ಏನ ಅಂದಿದ್ನಿ? ನೆನಪಿಲ್ಲ ಬಿಡ್ರಿ ಮಾಮಾ, ಮಾಗಚೀ ಗೋಷ್ಟ, ಆಗಿ ಹೋದ ಮಾತು. ರವಿವಾರದ ಹೊತ್ತಿಗೆ ಎಂಜಿನ್ ಆಗತೈತಿಲ್ಲೊ, ಅದನ್ನ ಹೇಳ್ರಿ."

ಫೋನು ಕಟ್ಟಾದ ಮೇಲೂ ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಅವಗ ನೆನಪಽ ಇಲ್ಲ" ಎಂದ ಲಗಮಣ್ಣ.

ಪಾರಿಸ ಕೈ ಜೋಡಿಸಿದ. "ಉತ್ತಮ ಕ್ಷಮಾ, ಲಗಮಣ್ಣ." ಇಪ್ಪತ್ತಾರು ವರ್ಷ, ಪ್ರತಿ ವರ್ಷ ಈ ಮಾತನ್ನು ಮೊದಲು ಹೇಳುತ್ತಿದ್ದದ್ದು ಇವನಿಗೇ. ಜೈನನಲ್ಲದಿದ್ದರೂ ಲಗಮಣ್ಣ ನಕ್ಕು, ಆತು ಬಿಡಪಾ ಎಂದು ಹೋಳಿಗೆ ಕೇಳುತ್ತಿದ್ದ. ಇವತ್ತು ನಗಲಿಲ್ಲ.

"ನೀ ಕ್ಷಮಾ ಕೇಳಾಕ ಬಂದಿಯೋ, ಕೆಲಸಕ್ಕ ಕರಿಯಾಕ ಬಂದಿಯೋ?"

ಸುಳ್ಳು ಹೇಳಬಹುದಿತ್ತು. ಆದರೆ ಪಾರಿಸನಿಗೆ ಅದಕ್ಕೂ ಶಕ್ತಿ ಉಳಿದಿರಲಿಲ್ಲ. "ಎರಡಕ್ಕೂ" ಎಂದ. "ಒಬ್ಬನಽ ಮಾಡಾಕ ಆಗವಲ್ದು."

"ಕ್ಷಮಾ ಮಾಡೀನಿ. ಅದರಾಗ ಏನ ಐತಿ" ಎಂದ ಲಗಮಣ್ಣ. "ಕೆಲಸಕ್ಕ ಬರಂಗಿಲ್ಲ. ತಪ್ಪ ಯಾರದು ಅಂತ ತಿಳಿಯೂದ್ರಾಗ ನನ್ನ ಒಂದ ವರ್ಷ ಹೋತು. ನೀ ಅವತ್ತ ಹತ್ತ ಮಿನಿಟ ಪಂಪ್ ಬಿಚ್ಚಿದ್ರ ಸಾಕಿತ್ತು."

ಅಷ್ಟು ಹೇಳಿ ಎದ್ದು, ನೀರೆತ್ತುವ ಎಂಜಿನ್ನಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಬೆರಳುಗಳು ಕಬ್ಬಿಣಕ್ಕೆ ತಾಗುವ ಮೊದಲು ಒಂದು ಗಳಿಗೆ ನಿಂತವು. ಆಮೇಲೆ ಮುಚ್ಚಳದ ನಟ್ಟನ್ನು ಮುಟ್ಟಿ ನೋಡಿದ, ತಿರುಗಿಸಿ ನೋಡಿದ. ತಿರುಗದೆ ಇದ್ದಾಗ ಸುತ್ತ ಕಣ್ಣಾಡಿಸಿದ. ಅವನ ಪಾನಾಗಳೆಲ್ಲ ಐನಾಪುರದಲ್ಲೇ ಇದ್ದವು.

ಪಾರಿಸ ಗಾಡಿಯ ಸೀಟಿನಡಿಯಿಂದ ತನ್ನ ಪಾನಾ ತೆಗೆದು ತಂದುಕೊಟ್ಟ. ಲಗಮಣ್ಣ ಅವನ ಮುಖ ನೋಡದೆ ಇಸಿದುಕೊಂಡ. ಒಳಗಿನದನ್ನು ನೋಡಲು ಇನ್ನೊಬ್ಬ ಬೇಕೇನೋ ಎಂದು ಪಾರಿಸ ಅಲ್ಲೇ ಬಗ್ಗಿ ನಿಂತ. ಲಗಮಣ್ಣ ಬಾ ಎನ್ನಲಿಲ್ಲ. ಮುಚ್ಚಳ ತೆಗೆದ, ತಾನೇ ಗಾಲಿ ತಿರುಗಿಸಿದ, ತಾನೇ ಈ ಕಡೆ ಬಂದು ಬಗ್ಗಿ ನೋಡಿದ, ಮತ್ತೆ ಆ ಕಡೆ ಹೋಗಿ ತಿರುಗಿಸಿದ. ಪಾರಿಸ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಪಾನಾ ಅಲ್ಲೇ ಬಿಟ್ಟು ಹೊರಟ.