ನಾಯಿಯಿಲ್ಲದ ಎರಡು ತಿಂಗಳು

ಹಲಬರ್ಗಾದ ಅಕ್ಕನ ಮನೆಯ ಕರಿ ನಾಯಿ ಐದು ಮರಿ ಹಾಕಿದಾಗ, ಎದೆಯ ಮೇಲೆ ಬಿಳಿ ಮಚ್ಚೆಯಿದ್ದ ಹೆಣ್ಣುಮರಿಯನ್ನು ಮಹಾಮಾಯಾ ಮನಸ್ಸಿನಲ್ಲೇ ತನ್ನದು ಮಾಡಿಕೊಂಡಳು. ಭಾಲ್ಕಿಯ ಶಾಲೆಯೊಂದರಲ್ಲಿ ಅವಳು ಗುಮಾಸ್ತೆ. ಗಂಡ ಅಶ್ವಜಿತ ಬಸ್ ಡ್ರೈವರ್, ವಾರದಲ್ಲಿ ನಾಲ್ಕು ದಿನ ಹೊರಗೇ. ಹಗಲು ಮನೆಯಲ್ಲಿರುವವರು ಅತ್ತೆ ಕಾಂತಾಬಾಯಿ ಒಬ್ಬರೇ.

"ಬ್ಯಾಡವ್ವ" ಅಂದರು ಅತ್ತೆ. ವರ್ಷಗಳ ಹಿಂದೆ ಖಟಕ ಚಿಂಚೋಳಿ ಊರು ಬಿಟ್ಟು ಬರುವಾಗ ಅವರು ತಾವು ಸಾಕಿದ ನಾಯಿಯನ್ನು ಅಲ್ಲೇ ಬಿಟ್ಟಿದ್ದರು. ಅದು ಬಸ್ಸಿನ ಹಿಂದೆ ಹಳ್ಳದ ತನಕ ಓಡಿ ಬಂದಿತ್ತು. "ತರೂದು ಸಸಾರ. ಹನ್ನೆರಡು ಹದಿಮೂರು ವರ್ಷ ಅದರ ಸಂಗಡ ಬಾಳೂದು ಯಾರು?"

ಮಹಾಮಾಯಾ ಪಟ್ಟು ಬಿಡಲಿಲ್ಲ. ಆಮೇಲೆ ಅತ್ತೆಯೇ ಅಂದರು: "ಎರಡು ತಿಂಗಳ ತನಕ ಮರಿ ತಾಯಿ ಸಂಗಡಾನೇ ಇರ್ಬೇಕು. ಅಲ್ಲಿ ತನಕ ಅದು ಮನಿಗೆ ಬಂದದ ಅಂತ ತಿಳಿದು ನಡಿ. ಮುಂಜಾನಿ, ಸಂಜಿಕಿ ಖಾಲಿ ಹಗ್ಗ ಹಿಡಿದು ತಿರುಗಾಡಸು. ಒಂದು ದಿನ ತಪ್ಪಿದ್ರೂ ಮರಿ ಮಾತು ಎತ್ತಬ್ಯಾಡ."

"ಹೂಂರಿ ಅತ್ತಿ."

ಮೊದಲು ಅವಳು ಬೀದರಿಗೆ ಹೋಗಿ ಪಶು ಡಾಕ್ಟರ್ ರಶೀದ ಅಹ್ಮದರನ್ನು ಕಂಡಳು. ಹುಳದ ಔಷಧ, ಇಂಜೆಕ್ಷನ್, ಮುಂದೆ ಮಾಡಿಸಬೇಕಾದ ಆಪರೇಷನ್, ಎಲ್ಲದರ ಖರ್ಚನ್ನೂ ಅವರು ಬಿಡಿಸಿ ಹೇಳಿದರು. ಕಡೆಗೆ ಕೇಳಿದರು: "ರೊಕ್ಕ ಹ್ಯಾಂಗರ ಹೊಂದಸ್ತೀರಿ. ನೀವು ಸಾಲಿಗೆ ಹೋದಾಗ ಅದರ ಸಂಗಡ ಯಾರಿರ್ತಾರ್ರಿ?"

ಮದುವೆಯೊಂದಕ್ಕೆ ಕೊಳ್ಳಬೇಕೆಂದಿದ್ದ ರೇಷ್ಮೆ ಸೀರೆಯ ಆಸೆ ಬಿಟ್ಟು ಆ ಹಣವನ್ನು ತೆಗೆದಿಟ್ಟಳು. ಆದರೆ ಡಾಕ್ಟರ ಪ್ರಶ್ನೆ ಹಾಗೇ ಉಳಿಯಿತು.

ಮರುದಿನದಿಂದ ನಸುಕಿನಲ್ಲೇ ನಾಯಿಯ ಖಾಲಿ ಕೊರಳ ಪಟ್ಟಾ, ಹಗ್ಗ ಹಿಡಿದು ಹೊರಟಳು. ತೊಗರಿ ಹೊಲಗಳ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿರುತ್ತಿತ್ತು. ಪಕ್ಕದ ಮನೆಯ ಖೈರುನ್ನಿಸಾ, "ಏನು ಕಳಕೊಂಡೀರಿ ಬಾಯಿ?" ಎಂದು ನಕ್ಕಳು. ಮೊದಲ ವಾರ ನಾಚಿಕೆ. ಬರಬರುತ್ತಾ ಹಗ್ಗದ ತುದಿಯಲ್ಲಿ ಏನೋ ಇದ್ದಂತೆ, ಇಬ್ಬನಿಯ ಹುಲ್ಲಿನಲ್ಲಿ ಪುಟ್ಟ ಹೆಜ್ಜೆಗಳು ಸರಸರ ಅಂದಂತೆ ಅನಿಸತೊಡಗಿತು. ಅವಳೂ ನಿಧಾನ ನಡೆದಳು. ಕೊಕ್ಕರೆಗಳು ಕದಲದೆ ನಿಂತಿರುತ್ತಿದ್ದವು.

ನಲವತ್ತಮೂರನೆಯ ದಿನ ಜ್ವರ ಬಂತು. ಎದ್ದರೆ ತಲೆ ಗಿರ್ರೆನ್ನುತ್ತಿತ್ತು. ಗೋಡೆ ಹಿಡಿದು ಕಿಟಕಿಗೆ ಬಂದಳು. ಹೊರಗೆ ಮಂಜಿನಲ್ಲಿ ಕಾಂತಾಬಾಯಿ! ಕೈಯಲ್ಲಿ ಅದೇ ಹಗ್ಗ. ನಾಲ್ಕು ಹೆಜ್ಜೆ ನಡೆದರು, ಬೇವಿನ ಗಿಡದ ಹತ್ತಿರ ನಿಂತರು. ಮೂಸುವ ನಾಯಿಗೆ ಬೇಕಾದಷ್ಟು ಹೊತ್ತು ಅಲ್ಲೇ ಕಾದರು. ಬಗ್ಗಿ ಏನೋ ಮಾತಾಡಿದರು. ಆಮೇಲೆ ಬಿಳುಪಿನೊಳಗೆ ಕರಗಿಹೋದರು.

ಮರಳಿ ಬಂದಾಗ ಅವರ ಸೀರೆಯ ಅಂಚು ತೊಯ್ದಿತ್ತು.

"ನಾಳಿಂದ ಬೇವಿನ ಗಿಡದ ಕಡೆ ಒಯ್ಯಬ್ಯಾಡ. ಅಲ್ಲಿ ಗಾಜಿನ ಚೂರು ಬಿದ್ದಾವ, ಮರಿ ಕಾಲಿಗಿ ಚುಚ್ಚತಾವ" ಅಂದರು.

"ನಾ ಸಾಲಿಗೆ ಹೋದಾಗ ಹಗಲೆಲ್ಲ ನಿಮಗ ತ್ರಾಸ ಆಗ್ತದಲ್ರಿ ಅತ್ತಿ?"

"ಆಗ್ತದ. ಆಗ್ಲಿ" ಎಂದು ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟರು. ಬಟ್ಟೆ ಸರಿಮಾಡುತ್ತ ಅಂದರು: "ಈ ಸಲ ಎಲ್ಲಿ ಹೋದ್ರೂ ಸಂಗಡಾನೇ ಒಯ್ಯೋಣು."

ಎರಡು ತಿಂಗಳು ತುಂಬಿದ ಭಾನುವಾರ ಇಬ್ಬರೂ ಹಲಬರ್ಗಾಕ್ಕೆ ಹೋದರು. ಮರಿ ಮಹಾಮಾಯಾಳ ಕೈ ಮೂಸಿ, ಸೀದಾ ಕಾಂತಾಬಾಯಿಯ ಮಡಿಲು ಹತ್ತಿತು. ಬರುವಾಗ ಆಟೋದಲ್ಲಿ ಅಲ್ಲೇ ನಿದ್ದೆ ಹೋಯಿತು.

"ಏನು ಹೆಸರು ಇಡೋಣ್ರಿ?"

"ಅವಸರ ಏನದ?" ಅಂದರು ಅತ್ತೆ, ಮರಿಯ ಬೆಚ್ಚನೆಯ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ. "ಇದು ಎಂಥಾ ಹುಡುಗಿ ಅಂತ ಮೊದಲು ನೋಡೋಣು."